ಅಪ್ಪನ ಪಾರ್ಕಿನ್ಸನ್‌ಗೆ ಆಂಟಿಆಕ್ಸಿಡೆಂಟ್ ಡಬ್ಬಿ: ದುಡ್ಡು ಹಾಕಬೇಕಾ, ಬೇಡ್ವಾ?

ತಮಕ ರಘು · ಭಾನುವಾರ ರಾತ್ರಿ 9:10
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 66. ಹೋದ ವರ್ಷ ಪಾರ್ಕಿನ್ಸನ್ ಅಂತ ಗೊತ್ತಾಯಿತು. ಬಲಗೈ ನಡುಗುತ್ತದೆ, ನಡಿಗೆ ನಿಧಾನ, ಬರೆಯುತ್ತಾ ಹೋದಂತೆ ಅಕ್ಷರ ಚಿಕ್ಕದಾಗುತ್ತದೆ. ಸಿಂಡೋಪಾ ದಿನಕ್ಕೆ ಮೂರು ಸಲ ಕೊಡುತ್ತಿದ್ದೇವೆ. ಪರವಾಗಿಲ್ಲ, ಓಡಾಡಿಕೊಂಡಿದ್ದಾರೆ.

ಈಗ ನಮ್ಮ ಚಿಕ್ಕಪ್ಪ ಪರಿಚಯದವರಿಂದ ಮೂರು ಡಬ್ಬಿ ತಂದಿದ್ದಾರೆ. ಕೋಎಂಜೈಮ್ ಕ್ಯೂ10, ವಿಟಮಿನ್ ಇ, ಗ್ಲುಟಾಥಯೋನ್. ತಿಂಗಳಿಗೆ ಆರು ಸಾವಿರದ ಹತ್ತಿರ ಆಗುತ್ತದೆ. ಮೆದುಳಿನಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಕೋಶ ಹಾಳು ಮಾಡುವ ಆಮ್ಲಜನಕದ ತುಣುಕುಗಳ ಕಾಟ, ಜಾಸ್ತಿಯಾಗಿ ಜೀವಕೋಶ ಸಾಯುತ್ತಿವೆ, ಇದು ಅದನ್ನು ನಿಲ್ಲಿಸುತ್ತದೆ, ಆಮೇಲೆ ಸಿಂಡೋಪಾನೇ ಬೇಡ ಅಂತ ಅವರಿಗೆ ಯಾರೋ ಹೇಳಿದ್ದಾರೆ. ನಮ್ಮ ಡಾಕ್ಟರ್ ಹತ್ತಿರ ಕೇಳಿದೆ. "ತಗೊಂಡ್ರೆ ತಗೊಳ್ಳಿ" ಅಂದವರೇ ಮುಂದಿನ ಪೇಷೆಂಟ್ ಕರೆದರು.

ನೆಟ್ಟಲ್ಲಿ ನೋಡಿದರೆ ಆಕ್ಸಿಡೇಟಿವ್ ಸ್ಟ್ರೆಸ್ ನಿಜ ಅಂತಲೇ ಎಲ್ಲ ಕಡೆ ಇದೆ. ಕಾರಣ ನಿಜ ಅಂದ ಮೇಲೆ ಮಾತ್ರೆನೂ ಕೆಲಸ ಮಾಡಬೇಕಲ್ವಾ? ಗೊತ್ತಿರುವವರು ಹೇಳಿ.

ಮುಳಬಾಗಿಲು ದೋಸೆ · 9:18
ಚಿಕ್ಕಪ್ಪನಿಗೆ ಕಮಿಷನ್ ಎಷ್ಟು ಅಂತ ಮೊದಲು ಕೇಳಿ ಗುರು.

ತಮಕ ರಘು · 9:21
ಹಾಗೆಲ್ಲ ಇಲ್ಲ ಸಾರ್. ಅವರಿಗೆ ಅಣ್ಣನ ಮೇಲೆ ಪ್ರಾಣ. ಮೊದಲ ತಿಂಗಳದ್ದು ಅವರೇ ಕೈಯಿಂದ ಹಾಕಿದ್ದಾರೆ. ಅದಕ್ಕೇ ಬೇಡ ಅನ್ನುವುದಕ್ಕೂ ಬಾಯಿ ಬರುತ್ತಿಲ್ಲ.

ಕೌಂಟರ್ ನಾಗು · 9:34
ಮಾಲೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದೇನೆ. ನಿಜ ಹೇಳಬೇಕೆಂದರೆ ಇಂಥ ಡಬ್ಬಿ ಮಾರಿದರೆ ನಮಗೆ ಸಿಂಡೋಪಾಗಿಂತ ಲಾಭ ಜಾಸ್ತಿ. ಆದರೂ ಎರಡು ವಿಷಯ ನೋಡಿಕೊಳ್ಳಿ.

ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತಗೊಳ್ಳುತ್ತಾರಾ? ಹಾಗಿದ್ದರೆ ದೊಡ್ಡ ಡೋಸ್ ವಿಟಮಿನ್ ಇ ಬೇಡ, ರಕ್ತಸ್ರಾವದ ಭಯ ಇದೆ. ಇನ್ನೊಂದು, ಡಬ್ಬಿ ಹಿಂದಿನ ಸಣ್ಣಕ್ಷರ ಓದಿ. ಮುಂದೆ ಆಂಟಿಆಕ್ಸಿಡೆಂಟ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ, ಹಿಂದೆ ನೋಡಿದರೆ ಕಬ್ಬಿಣ, ಸತು, ಇನ್ನೇನೇನೋ ಸೇರಿಸಿರುತ್ತಾರೆ. ಕಬ್ಬಿಣ ಹೊಟ್ಟೆಯಲ್ಲೇ ಸಿಂಡೋಪಾದಲ್ಲಿರುವ ಲೆವೊಡೋಪಾ ಅನ್ನುವ ಔಷಧಿಗೆ ಅಂಟಿಕೊಳ್ಳುತ್ತದೆ. ಸಿಂಡೋಪಾ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಎರಡಕ್ಕೂ ಕಡಿಮೆ ಅಂದರೆ ಎರಡು ಗಂಟೆ ಗ್ಯಾಪ್ ಇರಲಿ.

ಫಾರ್ಮಕಾಲಜಿ ಮೇಷ್ಟ್ರು · 10:02
ರಘು, ನಿಮ್ಮ ಪ್ರಶ್ನೆಯ ಮೊದಲರ್ಧ ಸರಿ. ಎರಡನೇ ಅರ್ಧದಲ್ಲೇ ಎಲ್ಲರೂ ಜಾರುವುದು.

ಪಾರ್ಕಿನ್ಸನ್‌ನಲ್ಲಿ ಸಾಯುವುದು ಮುಖ್ಯವಾಗಿ ಮಿದುಳಿನ ಬುಡದಲ್ಲಿರುವ ಸಬ್‌ಸ್ಟಾನ್ಶಿಯಾ ನೈಗ್ರಾ ಅನ್ನುವ ಜಾಗದ ಕೋಶಗಳು. ಚಲನೆಗೆ ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ಮಾಡುವುದು ಇವೇ. ಈ ಕೋಶಗಳ ಕೆಲಸವೇ ಅಪಾಯದ್ದು. ಡೋಪಮೈನ್ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಆ ಜಾಗದಲ್ಲಿ ಕಬ್ಬಿಣವೂ ಜಾಸ್ತಿ. ಪೆರಾಕ್ಸೈಡ್‌ಗೆ ಕಬ್ಬಿಣ ಸಿಕ್ಕರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್, ಅದು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಇದನ್ನು ತಡೆಯಬೇಕಾದ ಗ್ಲುಟಾಥಯೋನ್ ಈ ರೋಗಿಗಳಲ್ಲಿ ಅದೇ ಜಾಗದಲ್ಲಿ ಕಡಿಮೆ ಇರುತ್ತದೆ. ಜೊತೆಗೆ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್ 1 ಅನ್ನುವ ಭಾಗ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ 1989ರಲ್ಲೇ ಕಂಡುಬಂತು. ಇಲ್ಲಿಯವರೆಗೆ ನಿಮ್ಮ ಚಿಕ್ಕಪ್ಪ ಹೇಳಿದ್ದು ಪುಸ್ತಕದಲ್ಲೂ ಇದೆ.

ಒಂದು ಕಥೆ ಹೇಳಲೇಬೇಕು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಕಳ್ಳ ಡ್ರಗ್ ಚುಚ್ಚಿಕೊಂಡು ಕೆಲವೇ ದಿನಗಳಲ್ಲಿ ಮರಗಟ್ಟಿ ಕೂತುಬಿಟ್ಟರು. ಮುಪ್ಪಿನ ಕಾಯಿಲೆ, ಇಪ್ಪತ್ತು ಮೂವತ್ತರ ಮೈಯಲ್ಲಿ. ಲ್ಯಾಂಗ್‌ಸ್ಟನ್ ಅನ್ನುವ ಡಾಕ್ಟರ್ ಹಿಂದೆ ಬಿದ್ದು ಹುಡುಕಿದಾಗ ಆ ಡ್ರಗ್‌ನಲ್ಲಿ ಎಂಪಿಟಿಪಿ ಅನ್ನುವ ಕಲಬೆರಕೆ ಸಿಕ್ಕಿತು. ಮಿದುಳಿನ ಎಂಎಒ-ಬಿ ಕಿಣ್ವ ಅದನ್ನು ವಿಷ ಮಾಡುತ್ತದೆ, ಆ ವಿಷ ಡೋಪಮೈನ್ ಕೋಶದೊಳಗೆ ಹೋಗಿ ಕಾಂಪ್ಲೆಕ್ಸ್ 1 ಅನ್ನು ನಿಲ್ಲಿಸುತ್ತದೆ. ಆವಾಗ ಎಲ್ಲರಿಗೂ ಆಸೆ ಹುಟ್ಟಿತು. ಆ ಕಿಣ್ವ ತಡೆದು, ಮೇಲೆ ಆಂಟಿಆಕ್ಸಿಡೆಂಟ್ ಕೊಟ್ಟರೆ ರೋಗವೇ ನಿಲ್ಲಬೇಕಲ್ಲ ಅಂತ.

ಅದನ್ನು ನೋಡಿಯೇ ಬಿಟ್ಟರು. 1987ರಲ್ಲಿ ಅಮೆರಿಕ, ಕೆನಡಾದಲ್ಲಿ ಡಾಟಾಟಾಪ್ ಅನ್ನುವ ಪ್ರಯೋಗ ಶುರುವಾಯಿತು. 800 ರೋಗಿಗಳು, ಎಲ್ಲರೂ ಆರಂಭದ ಹಂತದವರು. ಕೆಲವರಿಗೆ ಆ ಕಿಣ್ವ ತಡೆಯುವ ಸೆಲೆಜಿಲಿನ್, ಕೆಲವರಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಇ, ಕೆಲವರಿಗೆ ಎರಡೂ, ಕೆಲವರಿಗೆ ಖಾಲಿ ಮಾತ್ರೆ. 1993ರಲ್ಲಿ ಫಲಿತಾಂಶ ಬಂತು. ವಿಟಮಿನ್ ಇ ಇಂದ ಏನೂ ಉಪಯೋಗ ಕಾಣಲಿಲ್ಲ. ಸೆಲೆಜಿಲಿನ್ ತಗೊಂಡವರಿಗೆ ಲೆವೊಡೋಪಾ ಶುರು ಮಾಡುವುದು ಸ್ವಲ್ಪ ಮುಂದಕ್ಕೆ ಹೋಯಿತು. ಅದು ಲಕ್ಷಣ ಕಡಿಮೆ ಮಾಡಿದ್ದೇ ಹೊರತು ರೋಗ ನಿಲ್ಲಿಸಿದ್ದಕ್ಕೆ ಸಾಕ್ಷಿ ಸಿಗಲಿಲ್ಲ.

ಸತ್ಯ ಹೇಳ್ತೀನಿ · 10:09
ಬಂತು ನೋಡಿ ಅಲೋಪತಿ ವಕಾಲತ್ತು. ವಿಟಮಿನ್‌ಗೆ ಪೇಟೆಂಟ್ ಇಲ್ಲ. ಅದು ಗೆದ್ದರೆ ಕಂಪನಿಗಳ ಹೊಟ್ಟೆ ಮೇಲೆ ಹೊಡೆದ ಹಾಗೆ. ಅದಕ್ಕೇ ಸೋಲಿಸುತ್ತಾರೆ.

ಫಾರ್ಮಕಾಲಜಿ ಮೇಷ್ಟ್ರು · 10:15
ಡಾಟಾಟಾಪ್‌ಗೆ ದುಡ್ಡು ಕೊಟ್ಟಿದ್ದು ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸ್ವಾಮಿ, ಔಷಧಿ ಕಂಪನಿ ಅಲ್ಲ.

ಸತ್ಯ ಹೇಳ್ತೀನಿ · 10:17
ಸರ್ಕಾರ ನಡೆಸುವವರು ಯಾರು?

ಮುಳಬಾಗಿಲು ದೋಸೆ · 10:18
ಶುರುವಾಯ್ತು.

ಬಂಗಾರಪೇಟೆ ಭಾಗ್ಯ · 10:40
ರಘು ಅವರೇ, ನಾನು ಡಾಕ್ಟರ್ ಅಲ್ಲ. ಅತ್ತೆಯವರನ್ನು ನೋಡಿಕೊಳ್ಳುತ್ತಾ ಕಲಿತಿದ್ದು ಹೇಳುತ್ತೇನೆ. ನಾವೂ ಕ್ಯೂ10 ಕೊಟ್ಟೆವು, ಡಬ್ಬಿ ಡಬ್ಬಿ ಖಾಲಿ ಮಾಡಿದೆವು. ವ್ಯತ್ಯಾಸ ಏನೂ ಕಾಣಲಿಲ್ಲ.

ವ್ಯತ್ಯಾಸ ಬಂದಿದ್ದು ಊಟದ ಹೊತ್ತು ಬದಲಾಯಿಸಿದಾಗ. ಅವರೆಕಾಯಿ ಕಾಲ. ಮನೆಯಲ್ಲಿ ದಿನಾ ಮಧ್ಯಾಹ್ನ ಹಿತಕಿದಬೇಳೆ ಸಾರು, ಮುದ್ದೆ. ಅತ್ತೆಗೆ ಪಂಚಪ್ರಾಣ. ಊಟ ಮುಗಿಸಿ ಮಧ್ಯಾಹ್ನದ ಮಾತ್ರೆ ನುಂಗುತ್ತಿದ್ದರು. ಮೂರು ಗಂಟೆಗೆ ನೋಡಿದರೆ ಕುರ್ಚಿಯಿಂದ ಏಳುವುದಕ್ಕೆ ಆಗುತ್ತಿರಲಿಲ್ಲ. ಕಾಲು ನೆಲಕ್ಕೆ ಅಂಟಿರುತ್ತಿತ್ತು. ಬೆಳಗ್ಗೆ ಮಾತ್ರೆ ಕೆಲಸ ಮಾಡುತ್ತದೆ, ಮಧ್ಯಾಹ್ನದ್ದು ಯಾಕೆ ಇಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆವು. ಡೋಸ್ ಜಾಸ್ತಿ ಮಾಡಿಸೋಣ ಅಂತ ಹೋದರೆ ಬೆಂಗಳೂರಿನ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಊಟಕ್ಕೆ ಏನು?" ಬೇಳೆಯಲ್ಲಿರುವ ಪ್ರೋಟೀನು, ಈ ಮಾತ್ರೆ, ಎರಡೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವುದು ಒಂದೇ ಬಾಗಿಲಲ್ಲಂತೆ. ಪ್ರೋಟೀನ್ ಜಾಸ್ತಿ ಇದ್ದರೆ ಮಾತ್ರೆ ಹೊರಗೇ ನಿಲ್ಲುತ್ತದೆ.

ಈಗ ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ ಮಾತ್ರೆ, ಬರೀ ನೀರಲ್ಲಿ. ಮಧ್ಯಾಹ್ನ ಮುದ್ದೆಗೆ ಸೊಪ್ಪಿನ ಉಪ್ಸಾರು. ಹಿತಕಿದಬೇಳೆ, ಮೊಟ್ಟೆ, ಹಾಲು ಎಲ್ಲ ರಾತ್ರಿಗೆ. ಡೋಸ್ ಹೆಚ್ಚಿಸಲೇ ಇಲ್ಲ. ಮೂರು ಗಂಟೆಗೆ ಅತ್ತೆ ಈಗ ಹಿತ್ತಲಲ್ಲಿ ಇರುತ್ತಾರೆ.

ತಮಕ ರಘು · 10:52
ಭಾಗ್ಯಕ್ಕ, ಇದನ್ನು ನಮಗೆ ಯಾರೂ ಹೇಳೇ ಇಲ್ಲ! ಅಪ್ಪ ಮೂರು ಹೊತ್ತೂ ಊಟದ ಮೇಲೆಯೇ ತಗೊಳ್ಳುವುದು. ಖಾಲಿ ಹೊಟ್ಟೆಗೆ ವಾಕರಿಕೆ ಬರುತ್ತದೆ ಅಂತಾರೆ.

ಬಂಗಾರಪೇಟೆ ಭಾಗ್ಯ · 10:55
ವಾಕರಿಕೆ ಬಂದರೆ ಜೊತೆಗೆ ಒಂದೆರಡು ಬಿಸ್ಕತ್ತು ಕೊಡಿ. ಹಾಲು ಬೇಡ. ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ ಬದಲಾಯಿಸಿ.

ಶ್ರೀನಿವಾಸಪುರ ತೋಟ · 11:05
ಅಲ್ಲ, ಅವರೆಕಾಯಲ್ಲೇ ಡೋಪಮೈನ್ ಇದೆ ಅಂತ ವಾಟ್ಸಾಪಲ್ಲಿ ಬಂದಿತ್ತಲ್ಲ? ಪಾರ್ಕಿನ್ಸನ್‌ನವರು ಅವರೆಕಾಯಿ ತಿನ್ನಬೇಕು ಅಂತ. ನೀವು ಉಲ್ಟಾ ಹೇಳುತ್ತಿದ್ದೀರಿ.

ಫಾರ್ಮಕಾಲಜಿ ಮೇಷ್ಟ್ರು · 11:12
ಆ ವಿಡಿಯೋ ನಾನೂ ನೋಡಿದ್ದೇನೆ. ಅದರಲ್ಲಿ ತೋರಿಸುವುದು ಮೆಡಿಟರೇನಿಯನ್ ಕಡೆಯವರು ತಿನ್ನುವ ಫಾವಾ ಬೀನ್. ವೀಸಿಯಾ ಫಾಬಾ ಅಂತ ಸಸ್ಯದ ಹೆಸರು. ಅದರಲ್ಲಿ ಲೆವೊಡೋಪಾ ಇರುವುದು ನಿಜ. ನಮ್ಮ ಸೊಗಡವರೆ ಬೇರೆ ಗಿಡ, ಲ್ಯಾಬ್‌ಲ್ಯಾಬ್ ಅಂತ. ಅದನ್ನು ರುಚಿಗೆ ತಿನ್ನಿ, ಔಷಧಿಗೆ ಅಲ್ಲ.

ಶ್ರೀನಿವಾಸಪುರ ತೋಟ · 11:14
ಸರಿ ಸಾರ್. ರುಚಿಗೆ ಅಂದರೆ ನಮ್ಮ ಕಡೆ ಅವರೆನೇ ಅವರೆ. ಬೆಂಗಳೂರಲ್ಲಿ ಸಿಗುವುದರಲ್ಲಿ ಸೊಗಡೇ ಇರುವುದಿಲ್ಲ.

ಕೌಂಟರ್ ನಾಗು · 11:20
ಸೊಗಡು ಅಂದಾಗ ನೆನಪಾಯಿತು. ನಮ್ಮ ಮಾವನಿಗೆ ಕೈ ನಡುಕ ಬರುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ವಾಸನೆ ಹೋಗಿತ್ತು. ಅಡಿಗೆಮನೆಯಲ್ಲಿ ಅವರೆಕಾಯಿ ರಾಶಿ ಬಿದ್ದಿದ್ದರೂ "ಇವತ್ತೇನು ಸಾರು?" ಅಂತ ಕೇಳುತ್ತಿದ್ದರು. ಮಲಬದ್ಧತೆ ಬೇರೆ. ಯಾರಿಗೂ ಹೊಳೆಯಲಿಲ್ಲ. ಎರಡೂ ಈ ಕಾಯಿಲೆಯ ಮುಂಚಿನ ಗುರುತುಗಳಂತೆ.

ಫಾರ್ಮಕಾಲಜಿ ಮೇಷ್ಟ್ರು · 11:31
ನಾಗು ಹೇಳಿದ್ದರಲ್ಲೇ ರಘು ಪ್ರಶ್ನೆಗೆ ಅರ್ಧ ಉತ್ತರ ಇದೆ. ಕೈ ನಡುಗುವ ಹೊತ್ತಿಗೆ ಆ ಜಾಗದ ಡೋಪಮೈನ್ ಕೋಶಗಳಲ್ಲಿ ದೊಡ್ಡ ಪಾಲು ಹೋಗಿಯೇ ಬಿಟ್ಟಿರುತ್ತದೆ. ಆಮೇಲೆ ಆಂಟಿಆಕ್ಸಿಡೆಂಟ್ ಕೊಡುವುದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಎರಡನೆಯದು, ಬಾಯಿಂದ ನುಂಗಿದ್ದು ಮಿದುಳಿನ ಆ ಕೋಶದ ಒಳಗಿನ ಮೈಟೊಕಾಂಡ್ರಿಯಾದವರೆಗೂ ಹೋಗಬೇಕು. ಗ್ಲುಟಾಥಯೋನ್ ಅಂತೂ ಹೊಟ್ಟೆ, ಕರುಳಲ್ಲೇ ಬಹುಪಾಲು ಒಡೆದು ಹೋಗುತ್ತದೆ. ಮೂರನೆಯದು, ಆಕ್ಸಿಡೇಟಿವ್ ಸ್ಟ್ರೆಸ್ ಒಂಟಿ ಕಾರಣ ಅಲ್ಲ. ಆಲ್ಫಾ ಸಿನ್ಯೂಕ್ಲಿನ್ ಅನ್ನುವ ಪ್ರೋಟೀನ್ ಗಂಟು ಕಟ್ಟುವುದು, ಕೋಶದ ಕಸ ಹೊರಗೆ ಹೋಗದಿರುವುದು, ಉರಿಯೂತ, ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಎಳೆ ಎಳೆದರೆ ಗಂಟು ಬಿಚ್ಚುವುದಿಲ್ಲ.

ಕ್ಯೂ10 ಕಥೆ ಕೇಳಿ. 2002ರಲ್ಲಿ 80 ಜನರ ಮೇಲೆ ನೋಡಿದಾಗ ದಿನಕ್ಕೆ 1200 ಮಿಲಿಗ್ರಾಂ ತಗೊಂಡವರು ನಿಧಾನವಾಗಿ ಹದಗೆಟ್ಟರು ಅನ್ನಿಸಿತು. ದೊಡ್ಡ ಸುದ್ದಿಯಾಯಿತು. ಡಬ್ಬಿ ಮಾರುವವರು ಇವತ್ತಿಗೂ ತೋರಿಸುವುದು ಅದನ್ನೇ. ಆಮೇಲೆ 600 ಜನರ ಮೇಲೆ 1200, 2400 ಮಿಲಿಗ್ರಾಂ ಎರಡೂ ಕೊಟ್ಟು ನೋಡಿದರು. ಉಪಯೋಗ ಇಲ್ಲ ಅಂತ ಮಧ್ಯದಲ್ಲೇ ನಿಲ್ಲಿಸಿದರು. 2014ರಲ್ಲಿ ಪ್ರಕಟವಾಯಿತು. ಅದನ್ನು ಯಾರೂ ಡಬ್ಬಿ ಮೇಲೆ ಹಾಕುವುದಿಲ್ಲ.

ಆಯುರ್ ಪ್ರಿಯ · ಸೋಮವಾರ ಬೆಳಗ್ಗೆ 6:20
ಎಲ್ಲ ಓದಿದೆ. ಮೇಷ್ಟ್ರು ವಿದೇಶಿ ಮಾತ್ರೆಗಳ ಸೋಲು ಹೇಳಿದರು, ಸಂತೋಷ. ನಮ್ಮಲ್ಲೇ ಕಂಪವಾತಕ್ಕೆ ನಸುಗುನ್ನಿ ಬೀಜ ಇಲ್ವಾ? ಶುದ್ಧಿ ಮಾಡಿ ಹಾಲಲ್ಲಿ ಕೊಡುತ್ತಾರೆ. ಇದು ಒಳ್ಳೆ ಆಂಟಿಆಕ್ಸಿಡೆಂಟ್ ಕೂಡ. ಇದನ್ನು ಯಾಕೆ ಯಾರೂ ಮಾತಾಡುವುದಿಲ್ಲ?

ಮುಳಬಾಗಿಲು ದೋಸೆ · 7:02
ಚಿಕ್ಕವರಿದ್ದಾಗ ನಸುಗುನ್ನಿ ಕಾಯಿ ಉಜ್ಜಿ ಇನ್ನೊಬ್ಬನ ಬೆನ್ನಿಗೆ ಹಾಕಿ ಕೆರೆದುಕೊಳ್ಳುವ ಹಾಗೆ ಮಾಡುತ್ತಿದ್ದೆವು. ಅದರಲ್ಲಿ ಔಷಧಿ ಬೇರೆ ಇದೆಯಾ!

ಫಾರ್ಮಕಾಲಜಿ ಮೇಷ್ಟ್ರು · 7:45
ಇದೆ. ಮಾತಾಡೋಣ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾನೇ ಇದೆ, ಸುಮಾರು ನೂರಕ್ಕೆ ನಾಲ್ಕರಿಂದ ಆರು ಪಾಲು. ಅದು ಕೆಲಸ ಮಾಡುವುದು ಆಂಟಿಆಕ್ಸಿಡೆಂಟ್ ಆಗಿ ಅಲ್ಲ, ಸಿಂಡೋಪಾದಲ್ಲಿರುವ ಅದೇ ವಸ್ತುವಾಗಿ. ಬೊಲಿವಿಯಾದಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ 18 ರೋಗಿಗಳಿಗೆ ಇದರ ಪುಡಿ ಕೊಟ್ಟಾಗ ಮಾತ್ರೆಯಷ್ಟೇ ಚೆನ್ನಾಗಿ ಕೆಲಸ ಮಾಡಿತು. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ. ಸಿಂಡೋಪಾದಲ್ಲಿ ಕಾರ್ಬಿಡೋಪಾ ಸೇರಿಸಿರುತ್ತಾರೆ, ಲೆವೊಡೋಪಾ ಮಿದುಳು ಮುಟ್ಟುವ ಮುಂಚೆ ಮೈಯಲ್ಲೇ ಖರ್ಚಾಗದಿರಲಿ ಅಂತ. ಪುಡಿಯಲ್ಲಿ ಅದಿಲ್ಲ, ವಾಂತಿ ಜಾಸ್ತಿ. ಇನ್ನು ಮಾತ್ರೆಯ ಮೇಲೆ ಡಾಕ್ಟರಿಗೆ ಹೇಳದೆ ಪುಡಿಯನ್ನೂ ಕೊಟ್ಟರೆ ಡೋಸ್ ಮೀರುತ್ತದೆ. ಕೈಕಾಲು ತಾನಾಗಿ ತಿರುಚಿಕೊಳ್ಳುತ್ತವೆ, ಕೆಲವರಿಗೆ ಇಲ್ಲದ್ದು ಕಾಣುತ್ತದೆ.

ಆಯುರ್ವೇದದ ಅಭಿಮಾನ ಇದ್ದವರಿಗೆ ಇನ್ನೊಂದು ಸಂತೋಷದ ವಿಷಯ. 1950ರ ದಶಕದಲ್ಲಿ ಆರ್ವಿಡ್ ಕಾರ್ಲ್ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟು ಅಲ್ಲಾಡದ ಹಾಗೆ ಮಾಡಿ, ಆಮೇಲೆ ಮಿದುಳಲ್ಲಿ ಡೋಪಮೈನ್ ಆಗುವ ಲೆವೊಡೋಪಾ ಕೊಟ್ಟು ಎಬ್ಬಿಸಿದರು. ಡೋಪಮೈನ್‌ಗೂ ಚಲನೆಗೂ ನಂಟು ಇದೆ ಅಂತ ತೋರಿಸಿದ್ದು ಅಲ್ಲೇ. 2000ದಲ್ಲಿ ನೊಬೆಲ್ ಬಂತು. ಆ ರಿಸರ್ಪಿನ್ ಬಂದಿದ್ದು ನಮ್ಮ ಸರ್ಪಗಂಧದಿಂದ.

ಆಯುರ್ ಪ್ರಿಯ · 8:10
ಕೊನೆಗೂ ಒಪ್ಪಿಕೊಂಡಿರಿ!

ಫಾರ್ಮಕಾಲಜಿ ಮೇಷ್ಟ್ರು · 8:11
ಸರ್ಪಗಂಧ ಮೊಲವನ್ನು ಮಲಗಿಸಿತು ಅಂದೆ ಸಾರ್, ಎಬ್ಬಿಸಿತು ಅನ್ನಲಿಲ್ಲ.

ಮಂಡಿ ಸೀನ · 8:50
ನಾನು ಟೊಮೇಟೊ ಬೆಳೆಯುವವನು, ವಡಗೂರು ಕಡೆ. ಈ ಕಾಯಿಲೆ ನಮ್ಮ ಕಡೆ ರೈತರಿಗೆ ಬರುವುದಕ್ಕೂ ನಾವು ಹೊಡೆಯುವ ಔಷಧಿಗೂ ಸಂಬಂಧ ಇದೆಯಾ? ಸಾಲಿನ ನಡುವೆ ಹುಲ್ಲಿಗೆ ಪ್ಯಾರಾಕ್ವಾಟ್ ಹೊಡೆಯುತ್ತೇವೆ. ಸಂಜೆಗೆ ಹುಲ್ಲು ಬಾಡಿರುತ್ತದೆ. ಆಳುಗಳ ಬೆನ್ನಿಗೆ ಪಂಪು ಸೋರಿ ಬನಿಯನ್ ಒದ್ದೆಯಾಗಿರುತ್ತದೆ, ಹಾಗೇ ಊಟಕ್ಕೆ ಕೂರುತ್ತಾರೆ.

ಫಾರ್ಮಕಾಲಜಿ ಮೇಷ್ಟ್ರು · 9:30
ಸೀನ, ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ನಿಮ್ಮದೇ. ಪ್ಯಾರಾಕ್ವಾಟ್ ಹುಲ್ಲು ಕೊಲ್ಲುವುದೇ ಫ್ರೀ ರ‍್ಯಾಡಿಕಲ್ ಹುಟ್ಟಿಸಿ. ಮನುಷ್ಯನ ಕೋಶದಲ್ಲೂ ಅದೇ ಕೆಲಸ ಮಾಡುತ್ತದೆ. ರೊಟೆನೋನ್ ಅನ್ನುವ ಕೀಟನಾಶಕ ಅದೇ ಕಾಂಪ್ಲೆಕ್ಸ್ 1 ಅನ್ನು ಕಟ್ಟಿಹಾಕುತ್ತದೆ. ಅಮೆರಿಕದಲ್ಲಿ ಔಷಧಿ ಹೊಡೆಯುವವರನ್ನು ನೋಡಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇವೆರಡನ್ನು ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಕಂಡಿತು. ಬಳಸಿದವರಿಗೆಲ್ಲ ಬರುತ್ತದೆ ಅಂತಲ್ಲ. ಆದರೆ ಯುರೋಪಿನಲ್ಲಿ 2007ರಿಂದ ಪ್ಯಾರಾಕ್ವಾಟ್‌ಗೆ ಜಾಗ ಇಲ್ಲ. ಕೇರಳವೂ ನಿಷೇಧಿಸಿದೆ. ನಮ್ಮಲ್ಲಿ ಅಂಗಡಿಯಲ್ಲಿ ಸಿಗುತ್ತದೆ.

ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಅಷ್ಟು ಭಯ ಇದ್ದರೆ ಡಬ್ಬಿ ಕೊಳ್ಳುವುದಕ್ಕಿಂತ ಪಂಪಿನ ವಾಷರ್ ಬದಲಾಯಿಸುವುದು ಮೇಲು. ಗ್ಲೌಸ್, ಪೂರ್ತಿ ತೋಳಿನ ಅಂಗಿ, ಊಟಕ್ಕೆ ಮುಂಚೆ ಸೋಪಲ್ಲಿ ಕೈ. ಆಗುವುದಾದರೆ ಆ ಔಷಧಿಯನ್ನೇ ಬಿಡಿ.

ಮಂಡಿ ಸೀನ · 9:41
ಕಳೆ ಕೀಳುವುದಕ್ಕೆ ಆಳು ಎಲ್ಲಿ ಸಿಗುತ್ತಾರೆ ಸಾರ್? ಒಂದು ಆಳಿನ ಕೂಲಿಗೆ ಎಕರೆ ಹುಲ್ಲಿಗೆ ಔಷಧಿ ಹೊಡೆದು ಮುಗಿಸಬಹುದು. ಟೊಮೇಟೊ ರೇಟು ಬಿದ್ದ ವರ್ಷ ರಸ್ತೆಗೆ ಸುರಿಯುತ್ತೇವೆ. ಗ್ಲೌಸ್ ಹಾಕಿಸುತ್ತೇನೆ, ಅದು ಆಗುವ ಮಾತು. ಮಲ್ಚಿಂಗ್ ಶೀಟ್ ಹಾಕಿದರೆ ಸಾಲಿನಲ್ಲಿ ಹುಲ್ಲು ಕಡಿಮೆ, ಹೋದ ಬೆಳೆಗೆ ಅರ್ಧ ಎಕರೆ ಹಾಕಿ ನೋಡಿದೆ. ಖರ್ಚು ಇದೆ.

ಚಾಂಪಿಯನ್ ರೀಫ್ · 9:55
ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿ ವೆಲ್ಡರ್ ಆಗಿದ್ದರು, 2001ರಲ್ಲಿ ಮುಚ್ಚುವವರೆಗೂ. ಅವರಿಗೂ ನಡಿಗೆ ಕಷ್ಟ. ವೆಲ್ಡಿಂಗ್ ಹೊಗೆಯಲ್ಲಿ ಮ್ಯಾಂಗನೀಸ್ ಇರುತ್ತದೆ, ಅದರಿಂದಲೂ ಇದೇ ತರಹ ಆಗುತ್ತದೆ ಅಂತ ಡಾಕ್ಟರ್ ಅಂದರು. ಅದಕ್ಕೆ ಸಿಂಡೋಪಾ ಅಷ್ಟಾಗಿ ಹತ್ತುವುದಿಲ್ಲವಂತೆ. ಯಾರಾದರೂ ನೋಡಿದ್ದೀರಾ?

ಸತ್ಯ ಹೇಳ್ತೀನಿ · 10:03
ಕೆಸಿ ವ್ಯಾಲಿ ಅಂತ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆರೆಗೆ ಬಿಟ್ಟ ಮೇಲೆ ಕೋಲಾರದಲ್ಲಿ ಎಲ್ಲ ಕಾಯಿಲೆ ಜಾಸ್ತಿ ಆಗಿದೆ. ಅದನ್ನು ಮಾತಾಡಿ.

ಮಂಡಿ ಸೀನ · 10:06
ಆ ನೀರು ಬಂದ ಮೇಲೆ ನಮ್ಮ ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು ಸ್ವಾಮಿ. ಅದಕ್ಕೆ ಮುಂಚೆ ಏನು ಕುಡಿಯುತ್ತಿದ್ದೆವು, ಫ್ಲೋರೈಡ್.

ಚಾಂಪಿಯನ್ ರೀಫ್ · 10:08
ಮೂರನೇ ಹಂತ ಶುದ್ಧೀಕರಣ ಆಗದ ನೀರು ಅದು. ಬೋರ್ ತುಂಬಿತು ಅಂತ ಖುಷಿ ಪಡುವುದಾ?

ವೇದಿಕೆ ನಿರ್ವಾಹಕ · 10:15
ಕೆಸಿ ವ್ಯಾಲಿಗೆ ಬೇರೆ ಚರ್ಚೆ ಇದೆ, ಅಲ್ಲಿ ಹೋಗಿ ಜಗಳ ಆಡಿ. ಇಲ್ಲಿ ಪಾರ್ಕಿನ್ಸನ್.

ಕೌಂಟರ್ ನಾಗು · 10:30
ಚಾಂಪಿಯನ್ ಅಣ್ಣ, ಪಾರ್ಕಿನ್ಸನ್ ತರಹ ಕಾಣುವುದೆಲ್ಲ ಪಾರ್ಕಿನ್ಸನ್ ಅಲ್ಲ. ಅಂಗಡಿಯಲ್ಲಿ ನಾನು ಜಾಸ್ತಿ ನೋಡುವುದು ಬೇರೆ. ವಯಸ್ಸಾದವರಿಗೆ ತಲೆಸುತ್ತು ಅಂತ ಸಿನ್ನರಿಜಿನ್ ಕೊಟ್ಟಿರುತ್ತಾರೆ, ವಾಂತಿಗೆ ಮೆಟೊಕ್ಲೋಪ್ರಮೈಡ್, ತಲೆನೋವಿಗೆ ಫ್ಲೂನರಿಜಿನ್. ಹಳೆ ಚೀಟಿ ತೋರಿಸಿ ತಿಂಗಳುಗಟ್ಟಲೆ ತಗೊಳ್ಳುತ್ತಲೇ ಇರುತ್ತಾರೆ. ಮೈ ಬಿಗಿಯುತ್ತದೆ, ಕೈ ನಡುಗುತ್ತದೆ. ಆ ಮಾತ್ರೆ ನಿಲ್ಲಿಸಿದರೆ ಎಷ್ಟೋ ಜನರಿಗೆ ನಿಧಾನಕ್ಕೆ ಸರಿಹೋಗುತ್ತದೆ. ತಂದೆಯವರ ಎಲ್ಲ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ್ ಮುಂದೆ ಸುರಿಯಿರಿ.

ಶ್ರೀನಿವಾಸಪುರ ತೋಟ · 11:02
ಹಾಗಾದರೆ ನೇರಳೆಹಣ್ಣು, ದ್ರಾಕ್ಷಿ, ಮಾವು ತಿನ್ನುವುದೂ ದಂಡನಾ? ಬಣ್ಣದ ಹಣ್ಣಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ ಅಂತಾರೆ. ಮಾವು ಬೆಳೆಯುವವನು ನಾನು, ಹೊಟ್ಟೆ ಉರಿಯುತ್ತಿದೆ.

ಫಾರ್ಮಕಾಲಜಿ ಮೇಷ್ಟ್ರು · 11:20
ತಿನ್ನಿ, ಧಾರಾಳವಾಗಿ ತಿನ್ನಿ. ಹಣ್ಣಿನ ಮೇಲೆ ನನಗೆ ದ್ವೇಷ ಇಲ್ಲ. ಬೆರ‍್ರಿ ತರಹದ ಹಣ್ಣು ಜಾಸ್ತಿ ತಿನ್ನುವವರಲ್ಲಿ, ಕಾಫಿ ಕುಡಿಯುವವರಲ್ಲಿ ಈ ಕಾಯಿಲೆ ಕಡಿಮೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕಾಯಿಲೆ ಬಂದವರಿಗೆ ಕೆಫೀನ್ ಕೊಟ್ಟು ನೋಡಿದಾಗ ಚಲನೆಯಲ್ಲಿ ಸುಧಾರಣೆ ಕಾಣಲಿಲ್ಲ, 2017ರಲ್ಲಿ ಬಂತು. ಮುಂಚೆ ತಡೆಯುವುದು ಬೇರೆ, ಬಂದಿದ್ದನ್ನು ನಿಲ್ಲಿಸುವುದು ಬೇರೆ. ಹಣ್ಣು, ತರಕಾರಿ, ನೀರು ಮಲಬದ್ಧತೆಗೆ ಒಳ್ಳೆಯದು, ಅಷ್ಟಕ್ಕಾದರೂ ತಿನ್ನಲಿ. ಸಕ್ಕರೆ ಕಾಯಿಲೆ ಇದ್ದರೆ ಮಾವಿಗೆ ಕೈ ಹಿಡಿತ.

ತಮಕ ರಘು · 1:15
ಮೇಷ್ಟ್ರೇ, ಒಂದು ಕೊನೆ ಅನುಮಾನ. ಚಿಕ್ಕಪ್ಪ ಈಗ ಗ್ಲುಟಾಥಯೋನ್ ಡ್ರಿಪ್ ಹಾಕಿಸೋಣ ಅನ್ನುತ್ತಿದ್ದಾರೆ. ಹೊಟ್ಟೆಯಲ್ಲಿ ಒಡೆಯುತ್ತದೆ ಅಂದಿರಲ್ಲ, ನೇರ ರಕ್ತಕ್ಕೆ ಕೊಟ್ಟರೆ? ಇಲ್ಲದಿದ್ದರೆ ಆ ಕಬ್ಬಿಣವನ್ನೇ ಮಿದುಳಿಂದ ತೆಗೆಸುವ ಔಷಧಿ ಇಲ್ವಾ?

ಫಾರ್ಮಕಾಲಜಿ ಮೇಷ್ಟ್ರು · 1:50
ಡ್ರಿಪ್ ಪರೀಕ್ಷೆ ಆಗಿದೆ, 2009ರಲ್ಲಿ, 21 ಜನರ ಮೇಲೆ. ಖಾಲಿ ಡ್ರಿಪ್‌ಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಮೂಗಿನ ಮೂಲಕ ಕೊಟ್ಟು 2017ರಲ್ಲಿ ನೋಡಿದರು. ಗ್ಲುಟಾಥಯೋನ್ ಪಡೆದವರೂ ಸುಧಾರಿಸಿದರು, ಬರೀ ಉಪ್ಪುನೀರು ಪಡೆದವರೂ ಸುಧಾರಿಸಿದರು! ಈ ಕಾಯಿಲೆಯಲ್ಲಿ ನಂಬಿಕೆಯ ಪ್ರಭಾವ ಬಹಳ. ಒಳ್ಳೆಯದಾಗುತ್ತದೆ ಅನ್ನುವ ನಿರೀಕ್ಷೆಯೇ ಮಿದುಳಲ್ಲಿ ಡೋಪಮೈನ್ ಬಿಡಿಸುತ್ತದೆ. ಅದಕ್ಕೇ "ನಮ್ಮ ಮನೆಯವರಿಗೆ ಗುಣ ಆಯಿತು" ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ.

ಕಬ್ಬಿಣ ತೆಗೆಯುವುದು ಚೆನ್ನಾಗಿರುವ ಯೋಚನೆ. ಡೆಫೆರಿಪ್ರೋನ್ ಅನ್ನುವ ಔಷಧಿ ಕೊಟ್ಟು ಯುರೋಪಿನಲ್ಲಿ 372 ಹೊಸ ರೋಗಿಗಳ ಮೇಲೆ ನೋಡಿದರು. ಫಲಿತಾಂಶ 2022ರಲ್ಲಿ ಬಂತು. ಸ್ಕ್ಯಾನ್‌ನಲ್ಲಿ ಕಬ್ಬಿಣ ಕಡಿಮೆ ಆಗಿತ್ತು. ರೋಗಿಗಳು ಮಾತ್ರ ಖಾಲಿ ಮಾತ್ರೆಯವರಿಗಿಂತ ಜಾಸ್ತಿ ಹದಗೆಟ್ಟರು. ಡೋಪಮೈನ್ ಮಾಡುವ ಕಿಣ್ವಕ್ಕೇ ಕಬ್ಬಿಣ ಬೇಕು, ಅದೇ ಕಾರಣ ಇರಬಹುದು. ಕಾಗದದ ಮೇಲೆ ಇಷ್ಟು ಸರಿ ಕಂಡ ಉಪಾಯ ಇನ್ನೊಂದಿಲ್ಲ, ನೋಡಿ ಏನಾಯಿತು. "ನಷ್ಟ ಏನು, ಕೊಟ್ಟು ನೋಡೋಣ" ಅನ್ನುವವರಿಗೆ ನಾನು ಇದನ್ನೇ ಹೇಳುವುದು. ವಿಟಮಿನ್ ಇ ಕೂಡ ಹಾಗೇ. ಆರೋಗ್ಯವಂತ ಗಂಡಸರಿಗೆ ದಿನಕ್ಕೆ 400 ಯೂನಿಟ್ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ನೂರಕ್ಕೆ 17ರಷ್ಟು ಜಾಸ್ತಿ ಕಂಡಿತು, 2011ರಲ್ಲಿ. ನಿಮ್ಮ ಅಪ್ಪನಿಗೆ 66.

ಮತ್ತೆ ಯಾರು ಏನೇ ಹೇಳಲಿ, ಸಿಂಡೋಪಾವನ್ನು ಒಮ್ಮೆಗೇ ನಿಲ್ಲಿಸಬೇಡಿ. ಮೈ ಪೂರ್ತಿ ಬಿಗಿದು, ಜ್ವರ ಏರಿ ಪ್ರಾಣಕ್ಕೇ ಬರಬಹುದು.

ಫಿಸಿಯೋ ಶಾಲಿನಿ · 3:30
ಇಷ್ಟೆಲ್ಲ ಮಾತಾಡಿ ವ್ಯಾಯಾಮದ ಹೆಸರೇ ಇಲ್ವಲ್ಲ! ರಘು, ಆರು ಸಾವಿರ ಉಳಿಯುತ್ತದಲ್ಲ, ಅದರಲ್ಲಿ ಅಪ್ಪನಿಗೆ ಒಂದು ಒಳ್ಳೆ ಜೊತೆ ಶೂ ತಗೊಳ್ಳಿ. ಅಮೆರಿಕದಲ್ಲಿ ಆರಂಭದ ಹಂತದ 128 ಜನರನ್ನು ಟ್ರೆಡ್‌ಮಿಲ್ ಮೇಲೆ ಆರು ತಿಂಗಳು ನಡೆಸಿದರು. ಎದೆಬಡಿತ ಗರಿಷ್ಠದ ನೂರಕ್ಕೆ 80-85ಕ್ಕೆ ಏರುವಷ್ಟು ಜೋರಾಗಿ ನಡೆದವರ ಲಕ್ಷಣ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತ್ತು. ಸುಮ್ನೆ ಇದ್ದವರದ್ದು ಹದಗೆಟ್ಟಿತು. ಹೃದಯದ ಪರೀಕ್ಷೆ ಮಾಡಿಸಿ, ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಲ್ಲಿ ಜಿಲ್ಲಾ ಕ್ರೀಡಾಂಗಣದಲ್ಲಿ ನಡೆಸಿ. ಅಂತರಗಂಗೆ ಮೆಟ್ಟಿಲು ಬೇಡ, ಇಳಿಯುವಾಗ ಬೀಳುತ್ತಾರೆ.

ಬಾಗಿಲ ಹತ್ತಿರ ಕಾಲು ಕಚ್ಚಿಕೊಂಡರೆ ತಳ್ಳಬೇಡಿ, ಎಳೆಯಬೇಡಿ. ನೆಲಕ್ಕೆ ಬಣ್ಣದ ಟೇಪು ಅಡ್ಡಡ್ಡ ಅಂಟಿಸಿ, ಅದನ್ನು ದಾಟಿ ಅಂತ ಹೇಳಿ. ಕಾಲು ತಾನೇ ಏಳುತ್ತದೆ. ಮೊದಲ ಸಲ ನೋಡಿದವರು ನಂಬುವುದಿಲ್ಲ.

ತಮಕ ರಘು · 3:48
ಅಪ್ಪ ಮೇಷ್ಟ್ರಾಗಿದ್ದವರು ಮೇಡಂ. ದನಿಯೂ ಸಣ್ಣದಾಗಿದೆ, ಫೋನಿನಲ್ಲಿ ಕೇಳುವುದೇ ಇಲ್ಲ.

ಫಿಸಿಯೋ ಶಾಲಿನಿ · 3:55
ಹಾಗಾದರೆ ಸುಲಭ. ದಿನಾ ಪೇಪರ್ ಕೊಡಿ, ಹಿಂದಿನ ಬೆಂಚಿಗೆ ಕೇಳುವ ಹಾಗೆ ಓದಿ ಸಾರ್ ಅನ್ನಿ. ಜೋರಾಗಿ ಮಾತಾಡುವುದೇ ಅಭ್ಯಾಸ.

ಚಾಂಪಿಯನ್ ರೀಫ್ · 5:10
ಪ್ರತಿ ಸಲ ಬೆಂಗಳೂರಿಗೆ ಹೋಗದೆ ಇಲ್ಲೇ ತೋರಿಸುವುದಕ್ಕೆ ಆಗುತ್ತಾ?

ಕೌಂಟರ್ ನಾಗು · 5:25
ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಬ್ರೈನ್ ಹೆಲ್ತ್ ಯೋಜನೆ ಶುರು ಮಾಡಿದಾಗ ಮೊದಲ ಜಿಲ್ಲೆಗಳಲ್ಲೇ ಕೋಲಾರ ಇತ್ತು. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಇನ್ನೊಂದು, 2016ರ ಅಂಗವಿಕಲರ ಕಾಯ್ದೆಯಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಕಾರ್ಡಿಗೆ ಅರ್ಜಿ ಹಾಕಬಹುದು.

ಚಾಂಪಿಯನ್ ರೀಫ್ · 5:31
ಥ್ಯಾಂಕ್ಸ್ ಅಣ್ಣ, ಇದು ಗೊತ್ತಿರಲಿಲ್ಲ. ರಾತ್ರಿ ಮಗ್ಗುಲು ತಿರುಗುವುದಕ್ಕೆ ಅಪ್ಪ ತುಂಬ ಒದ್ದಾಡುತ್ತಾರೆ, ಅಮ್ಮನಿಗೂ ನಿದ್ದೆ ಇಲ್ಲ. ಅದಕ್ಕೆ ಏನಾದರೂ ಇದೆಯಾ?

ಬಂಗಾರಪೇಟೆ ಭಾಗ್ಯ · 6:05
ಹಾಸಿಗೆಯಲ್ಲಿ ಸೊಂಟದ ಕೆಳಗೆ ಬರುವ ಹಾಗೆ ಒಂದು ಹಳೆ ರೇಷ್ಮೆ ಸೀರೆ ಅಡ್ಡ ಹಾಸಿ, ಎರಡೂ ತುದಿ ಹಾಸಿಗೆ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ನುಣುಪಾಗಿರುವುದರಿಂದ ಮೈ ಜಾರುತ್ತದೆ, ತಿರುಗುವುದು ಸುಲಭ. ಕಾಲ ಹತ್ತಿರ ಮಾತ್ರ ಹಾಸಬೇಡಿ, ಒತ್ತಿಕೊಳ್ಳುವುದಕ್ಕೆ ಹಿಡಿತ ಬೇಕು. ಏಳುವಾಗ ಜಾರದ ಹಾಗೆ ಹಾಸಿಗೆ ಅಂಚಿಗೂ ಬರಬಾರದು. ಅತ್ತೆಗೆ ಹಾಗೇ ಮಾಡಿದ್ದೇವೆ.

ಮುಳಬಾಗಿಲು ದೋಸೆ · 6:12
ಯಾರ ಸೀರೆ ಹಾಸಿದಿರಿ ಭಾಗ್ಯಕ್ಕ, ನಿಮ್ಮದಾ ಅತ್ತೆಯದಾ?

ಬಂಗಾರಪೇಟೆ ಭಾಗ್ಯ · 6:14
ನಾದಿನಿಯದು. ಅವಳಿಗೆ ಇನ್ನೂ ಗೊತ್ತಿಲ್ಲ, ಇಲ್ಲಿ ಯಾರೂ ಟ್ಯಾಗ್ ಮಾಡಬೇಡಿ.